ಹೊನ್ನೂರಮ್ಮನ ಖಾತೆಗೆ ನಾನು ಬರೆದುಕೊಟ್ಟ ಗೋಡೆ

ಸ್ವಲ್ಪ ತಡೆಯಿರಿ, ಈಗಲೇ ಪುಟ ತಿರುಗಿಸಬೇಡಿ. ಒಂದು ಗೋಡೆಯ ಸುದ್ದಿ ಹೇಳುವುದಿದೆ. ಗೋಡೆಗೇನು ಸುದ್ದಿ ಇರುತ್ತದೆ ಎಂದು ನೀವು ಕೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತನ್ನ ಪಾಡಿಗೆ ತಾನು ನಿಂತಿದ್ದ ಆ ಗೋಡೆಯನ್ನು ಒಬ್ಬರ ಹೆಸರಿಗೆ ಬರೆದುಕೊಟ್ಟವಳು ನಾನೇ.

ನಾನು ಹೊಸಪೇಟೆಯ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ಗ್ರಾಹಕರೊಬ್ಬರ ಅಡುಗೆಮನೆ ಅಳೆಯಲು ಹೋಗಬೇಕಿತ್ತು. ಡ್ರಾದಿಂದ ನನ್ನ ನೂರಡಿ ಟೇಪು ತೆಗೆದು, ಸರಿಯಿದೆಯೋ ಇಲ್ಲವೋ ಎಂದು ಎರಡು ಮಾರು ಎಳೆದೆ. ಮೇಜಿನ ಮೇಲೆ ಹಿಟ್ಟು ಉದುರಿತು. ಜೋಳದ ಹಿಟ್ಟು. ಒರೆಸಿ ಮತ್ತೆ ಎಳೆದೆ, ಮತ್ತೆ ಉದುರಿತು. ಗ್ರಾಹಕರು ಟೇಪನ್ನೂ ನನ್ನನ್ನೂ ಒಮ್ಮೆ ನೋಡಿ, "ರೊಟ್ಟೀನೂ ಇದರಾಗ ಅಳೀತೀರೇನ್ರಿ?" ಅಂದರು. ಹಿಟ್ಟು ಹೇಗೆ ಬಂತು ಎಂದು ಅವರಿಗೆ ಹೇಳುವಷ್ಟು ಹೊತ್ತಿರಲಿಲ್ಲ. ನಿಮಗೆ ಹೇಳುತ್ತೇನೆ, ಆದರೆ ನಡುನಡುವೆ ದಾರಿ ತಪ್ಪಿದರೆ ಬೈಯಬಾರದು.

ಮೊದಲು ನನ್ನ ಹುಚ್ಚಿನ ಬಗ್ಗೆ. ಕೆಲವರಿಗೆ ಕ್ರಿಕೆಟ್ ಹುಚ್ಚು, ಕೆಲವರಿಗೆ ಸೀರೆ ಹುಚ್ಚು. ನನಗೆ ಮನೆ ಕಾಗದದ ಹುಚ್ಚು. ಓದಿದ್ದು ಬಿ.ಕಾಂ., ಅದೂ ಅಷ್ಟಕ್ಕಷ್ಟೇ. ಕಾನೂನನ್ನು ಯಾವ ಮೇಷ್ಟ್ರೂ ನನಗೆ ಹೇಳಿಕೊಟ್ಟಿಲ್ಲ. ಕಚೇರಿಗಳ ಮುಂದೆ ಅಂಟಿಸಿದ ನೋಟಿಸುಗಳ ಫೋಟೊ ತೆಗೆದುಕೊಂಡು ಬಸ್ಸಿನಲ್ಲಿ ಓದುತ್ತಾ, ಮೊಬೈಲಿನಲ್ಲಿ ಸಿಕ್ಕ ವಿಡಿಯೊ ನೋಡುತ್ತಾ ಕಲಿತದ್ದು. ಇ-ಖಾತೆ ಇಲ್ಲದೆ ಆಸ್ತಿ ನೋಂದಣಿಯಿಲ್ಲ ಎಂಬ ನಿಯಮ ಬಂದಾಗ ಊರೆಲ್ಲ ತಲೆಯ ಮೇಲೆ ಕೈಹೊತ್ತು ಕೂತಿತು. ನಾನು ಮಾತ್ರ ಹಬ್ಬ ಬಂದವಳ ಹಾಗೆ ಓಡಾಡಿದೆ. ಟೈಲ್ಸ್ ಕೊಳ್ಳಲು ಬಂದವರಿಗೂ ಕೇಳುತ್ತಿದ್ದೆ, "ನಿಮ್ದು ಎ ಖಾತೇನ್ರಿ, ಬಿ ಖಾತೇನ್ರಿ?" ಗಾದಿಗನೂರಿನ ಕಡೆಯವರೊಬ್ಬರು ಹೊಲದಲ್ಲೇ ನಿವೇಶನ ಹಾಕಿಸಿಕೊಂಡಿದ್ದರು, ಹೊಲ ಇನ್ನೂ ಕಾಗದದಲ್ಲಿ ಹೊಲವಾಗಿಯೇ ಇತ್ತು. ಅದನ್ನು ಮೊದಲು ಬದಲಿಸಿಕೊಳ್ಳಿ ಎಂದು ನಾನು ಅರ್ಧ ತಾಸು ಉಪದೇಶ ಮಾಡಿದೆ. ಅವರು ಟೈಲ್ಸ್ ಕೊಳ್ಳದೆ ಎದ್ದು ಹೋದರು. ಆ ದಿನ ಮಾಲೀಕರು ನನಗೆ ಚಹಾ ಹೇಳಲಿಲ್ಲ.

ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಯೋಚಿಸಿದರೆ ಯಶವಂತನಗರ ನೆನಪಾಗುತ್ತದೆ. ಅಪ್ಪ ಗಣಿ ಕಂಪನಿಯೊಂದರ ಬಸ್ಸಿಗೆ ಡ್ರೈವರ್. ನಾನು ಬೆಳೆದದ್ದು ಕಂಪನಿಯ ಕ್ವಾರ್ಟರ್ಸಿನಲ್ಲಿ. ಎಲ್ಲ ಮನೆಗೂ ಒಂದೇ ಬಾಗಿಲು, ಒಂದೇ ಕಿಟಕಿ, ಒಂದೇ ಕೆಂಪು ಧೂಳು. ಗೋಡೆಗೆ ಮೊಳೆ ಹೊಡೆಯುವ ಹಾಗಿರಲಿಲ್ಲ. ಕ್ಯಾಲೆಂಡರನ್ನು ಅಮ್ಮ ಕಿಟಕಿಯ ಸರಳಿಗೆ ದಾರದಿಂದ ಕಟ್ಟುತ್ತಿದ್ದಳು, ಗಾಳಿ ಬಂದರೆ ತಿಂಗಳುಗಳೇ ತಿರುಗುತ್ತಿದ್ದವು. ಒಮ್ಮೆ ನಾನು ಗೋಡೆಯ ಮೇಲೆ ಬಳಪದಿಂದ ನವಿಲು ಬರೆದಾಗ ಅಪ್ಪ ಸಿಟ್ಟಾಗಲಿಲ್ಲ, ಗಾಬರಿಯಾದರು. "ಇದು ನಮ್ದಲ್ಲವ್ವ" ಅಂದು ಒದ್ದೆ ಬಟ್ಟೆ ತಂದು ತಾವೇ ಒರೆಸಿದರು. ನಾವು ಮಲಗುವ, ಉಣ್ಣುವ, ಜಗಳಾಡುವ ಮನೆ ನಮ್ಮದಲ್ಲ ಎನ್ನುವುದು ಆ ವಯಸ್ಸಿಗೆ ಅರಗುವ ಮಾತಲ್ಲ.

ಅದಕ್ಕೇ ರಜೆಯಲ್ಲಿ ಕಂಪ್ಲಿಯ ಗಂಗತ್ತೆಯ ಮನೆಗೆ ಹೋದರೆ ನನಗೆ ರಾಜ್ಯ ಸಿಕ್ಕ ಹಾಗೆ. ಗಂಗತ್ತೆ ಅಪ್ಪನ ಅಕ್ಕ. ಅವಳದು ಹಳೆಯ ಮಾಳಿಗೆ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಅಲ್ಲಿ ಮೊಳೆ ಎಲ್ಲಿ ಬೇಕಾದರೂ ಹೊಡೆಯಬಹುದಿತ್ತು. ನಾನು ಒಂದು ಬೇಸಿಗೆಯಲ್ಲಿ ಹನ್ನೆರಡು ಮೊಳೆ ಹೊಡೆದು, ನೇತುಹಾಕಲು ಏನೂ ಸಿಗದೆ ಒಂದೊಂದಕ್ಕೆ ಒಂದೊಂದು ಬಳೆ ಸಿಕ್ಕಿಸಿದ್ದೆ.

ಮುಂದಿನ ಕೋಣೆಯಲ್ಲಿ ಅತ್ತೆಯ ಹಿಟ್ಟಿನ ಗಿರಣಿ. ಮಾವ ಇದ್ದಾಗ ಮಾವ ನಡೆಸುತ್ತಿದ್ದರು, ಆಮೇಲೆ ಅತ್ತೆ. ಬೆಳಿಗ್ಗೆ ಬೆಲ್ಟು ಏರಿಸಿದರೆ ಇಡೀ ಮನೆ ಸಣ್ಣಗೆ ನಡುಗುತ್ತಿತ್ತು. ನಡುಗುವುದು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಗೋಡೆಯಾಚೆ ಹೊನ್ನೂರಮ್ಮನ ಮನೆ, ಅಲ್ಲಿ ಹಲಗೆಯ ಮೇಲಿನ ಸ್ಟೀಲ್ ತಟ್ಟೆಗಳು ಕಿಣಿಕಿಣಿ ಅನ್ನುತ್ತಿದ್ದವು. ಹೊನ್ನೂರಮ್ಮನಿಗೆ ಗಿರಣಿ ಶುರುವಾದದ್ದು ತಿಳಿಯುತ್ತಿದ್ದದ್ದೇ ಹಾಗೆ. ತಟ್ಟೆ ಕಿಣಿಗುಟ್ಟಿತೋ, ಅವಳು ಜೋಳದ ಪುಟ್ಟಿ ಹೊತ್ತು ಬಂದಳೇ.

ಎರಡು ಸಂದಿಗಳ ನಡುವೆ ಇರುವುದು ಇವೆರಡೇ ಮನೆ. ಎರಡಕ್ಕೂ ಸೇರಿ ನಡುವೆ ಒಂದೇ ಗೋಡೆ. ಅತ್ತೆಯ ಹನ್ನೊಂದು ತೊಲೆ ಈ ಕಡೆಯಿಂದ, ಹೊನ್ನೂರಮ್ಮನ ಒಂಬತ್ತು ತೊಲೆ ಆ ಕಡೆಯಿಂದ ಅದರ ಮೇಲೆ ಕೂತಿವೆ. ಅದಕ್ಕೆ ನಡುಗೋಡೆ ಅನ್ನುತ್ತಾರೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವುಳುಮಣ್ಣು ಹಾಕಬೇಕು, ಆ ಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲ. ನಡುಗೋಡೆಯ ತಲೆಗೆ ಮಣ್ಣು ಮೆತ್ತುವ ಕೆಲಸ ಇಬ್ಬರದೂ: ಒಂದು ವರ್ಷ ಅತ್ತೆಯ ಮಣ್ಣು, ಹೊನ್ನೂರಮ್ಮನ ನೀರು. ಮರುವರ್ಷ ಅದಲು ಬದಲು. ಯಾರದು ಯಾವ ವರ್ಷ ಎನ್ನುವುದಕ್ಕೆ ಮಾತ್ರ ತಪ್ಪದೆ ಜಗಳ.

"ಲೇ ಗಂಗಿ, ಹೋದ ವರ್ಷ ಮಣ್ಣು ನಂದು."

"ನಿಂದು ಮಣ್ಣಾಗಿತ್ತೇನಕ್ಕ ಅದು? ಬರೇ ಹಳ್ಳು ಕಲ್ಲಿದ್ವು. ಅದಕ್ಕ ಲೆಕ್ಕಿಲ್ಲ."

ಇಷ್ಟು ಗೊತ್ತಿದ್ದೂ ನಾನು ಮಾಡಿದ ಕೆಲಸ ಈಗ ಕೇಳಿ. ಹೋದ ಬೇಸಿಗೆಯಲ್ಲಿ ಹೊನ್ನೂರಮ್ಮನ ಮಗ ವಿರುಪಾಕ್ಷಿ ಫೋನ್ ಮಾಡಿದ. ಕಂಪ್ಲಿಯಲ್ಲೇ ಪಂಪ್‌ಸೆಟ್ ರಿಪೇರಿ ಮಾಡುವವನು, ಕೈ ತುಂಬ ಕೆಲಸ, ಬಾಯಿ ತುಂಬ ಮಾತು. ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟಬೇಕು, ಅದಕ್ಕೆ ಅವ್ವನ ಹೆಸರಿನಲ್ಲಿ ಇ-ಖಾತೆ ಬೇಕು ಅಂದ. ಅದು ನಾನು ಬೇರೆಯವರಿಗೆ ತುಂಬಿಕೊಟ್ಟ ಮೊಟ್ಟಮೊದಲ ಅರ್ಜಿ. ಹೊಸ ಟೇಪು ಕೊಂಡು ಹೋದೆ. ವಿಡಿಯೊದಲ್ಲಿ ಒಬ್ಬರು, ಮನೆಯನ್ನು ಹೊರಗಿನಿಂದ ಹೊರಕ್ಕೆ ಅಳೆಯಿರಿ, ಗೋಡೆ ಬಿಡಬೇಡಿ ಎಂದು ಹೇಳಿದ್ದರು. ನಾನು ಬಿಡಲಿಲ್ಲ. ಸಂದಿಯ ಕಡೆಯ ಗೋಡೆಯಿಂದ ಹಿಡಿದು ನಡುಗೋಡೆಯ ಆಚೆಯ ಮುಖದವರೆಗೆ ಮೂವತ್ತೆರಡು ಅಡಿ. ಬರೆದೆ, ನಕ್ಷೆ ಹಾಕಿದೆ, ಮನೆಯ ಮುಂದೆ ಹೊನ್ನೂರಮ್ಮನನ್ನು ನಿಲ್ಲಿಸಿ ಫೋಟೊ ತೆಗೆದೆ. ಕೆಲವು ವಾರಕ್ಕೆ ಖಾತೆ ಬಂತು. ಹೊನ್ನೂರಮ್ಮ ನನ್ನ ಬಾಯಿಗೆ ಬೆಲ್ಲ ಹಾಕಿದಳು. ನಾನು ಆ ಕಾಗದದ ಫೋಟೊ ಸ್ಟೇಟಸ್ ಇಟ್ಟುಕೊಂಡು ಮೂರು ದಿನ ಮೆರೆದೆ.

ಅದನ್ನು ನೋಡಿ ಅತ್ತೆಗೂ ಆಸೆ ಹುಟ್ಟಿತು. ಅವಳ ಮನೆ ಇನ್ನೂ ತೀರಿಹೋದ ಮಾವನ ಹೆಸರಿನಲ್ಲೇ ಇತ್ತು. "ನಂದೂ ಮಾಡಿಕೊಡಲೇ ಸುಮಾ. ಇಷ್ಟು ವರ್ಷ ಗಿರಣಿ ತಿರುಗಿಸೀನಿ, ನನ್ನ ಹೆಸರು ಒಂದು ಕಾಗದದಾಗ ನೋಡ್ತೀನಿ" ಅಂದಳು. ನಾನು ಮತ್ತೆ ಟೇಪು ಹಿಡಿದೆ. ಈ ಕಡೆಯ ಸಂದಿಯಿಂದ ಹಿಡಿದು ನಡುಗೋಡೆಯ ಆ ಮುಖದವರೆಗೆ, ಹೊರಗಿನಿಂದ ಹೊರಕ್ಕೆ, ಮೂವತ್ತೊಂದೂಕಾಲು ಅಡಿ. ಕೈ ತಡವರಿಸಲಿಲ್ಲ, ತಲೆಗೆ ಏನೂ ಹೊಳೆಯಲಿಲ್ಲ. ಕಲಿತವಳೆಂಬ ಗರ್ವದ ಮುಂದೆ ಗೋಡೆ ಕಾಣುವುದಿಲ್ಲ.

ಅರ್ಜಿ ವಾಪಸ್ ಬಂತು. ಪುರಸಭೆ ಕಚೇರಿಗೆ ಹೋದರೆ ಅಲ್ಲಿನ ಸಿಬ್ಬಂದಿ ಎರಡು ನಕ್ಷೆಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ವಯಸ್ಸಾದ, ಸಮಾಧಾನದ ಮನುಷ್ಯ.

"ಕುಂದ್ರಿ ಮೇಡಂ. ಸಂದಿಯಿಂದ ಸಂದಿಗೆ ಇರೋದು ಅರವತ್ತೊಂದು ಅಡಿ. ನಿಮ್ಮ ಎರಡು ಮನಿ ಸೇರಿದ್ರ ಅರವತ್ಮೂರೂಕಾಲು ಆಗ್ತಾವ. ಒಂದು ಮನಿ ರಬ್ಬರಿಂದೇನ್ರಿ?"

ನಾನು ಬೆರಳಿನಲ್ಲಿ ಕೂಡಿಸಿದೆ, ಮೊಬೈಲಿನಲ್ಲಿ ಕೂಡಿಸಿದೆ. ಹೆಚ್ಚಾದದ್ದು ಎರಡೂಕಾಲು ಅಡಿ. ನಡುಗೋಡೆಯ ದಪ್ಪ.

"ಗೋಡಿ ಆಗ್ಲೇ ಹೊನ್ನೂರಮ್ಮನ ಖಾತೇಕ ಹೋಗೇತಿ. ಈಗ ನಿಮ್ಮತ್ತಿಗೆ ಗೋಡಿ ಬಿಟ್ಟು ಬರೀರಿ, ಇಲ್ಲಾ ಅವರದ ತಿದ್ದಿಸಿರಿ" ಅಂದರು ಅವರು. ಆ ನಕ್ಷೆಯ ಕೆಳಗೆ ನನ್ನದೇ ಮುದ್ದಾದ ಅಕ್ಷರ. ನಾನು ಅದು ಬೇರೆ ಯಾರದೋ ಅನ್ನುವ ಹಾಗೆ ನೋಡಿದೆ.

ಅಷ್ಟೇ ಆಗಿದ್ದರೆ ತಿದ್ದುವ ಮಾತು. ಆದರೆ ವಿರುಪಾಕ್ಷಿ ಆ ಖಾತೆ ಇಟ್ಟುಕೊಂಡೇ ಹೊಸ ಮನೆಗೆ ಪರವಾನಗಿ ತೆಗೆದುಕೊಂಡಿದ್ದ. ಹತ್ತೇ ದಿನದಲ್ಲಿ ಜೆಸಿಬಿ ಬರುವುದಿತ್ತು. ಅವನ ಪ್ಲಾನಿನಲ್ಲಿ ನಡುಗೋಡೆಯೂ ಬೀಳುವ ಲೆಕ್ಕದಲ್ಲಿತ್ತು. ಕಾಗದದ ಪ್ರಕಾರ ಅದು ಅವರದೇ. ಗೋಡೆ ಬಿದ್ದರೆ ಅತ್ತೆಯ ಹನ್ನೊಂದು ತೊಲೆಗೆ ಕೂರಲು ಜಾಗವಿಲ್ಲ. ತೊಲೆಯ ಕೆಳಗೇ ಗಿರಣಿ.

ನಾನು ನೇರವಾಗಿ ಅತ್ತೆಯ ಮನೆಗೆ ಹೋಗಿ ಹೇಳಿದೆ. ಅತ್ತೆ ಬೈಯಲಿಲ್ಲ. ಬೆಲ್ಟು ಇಳಿಸಿದಳು. ಮನೆ ನಡುಗುವುದು ನಿಂತಿತು. ಅಷ್ಟು ವರ್ಷದಲ್ಲಿ ಹಗಲು ಹೊತ್ತಿನಲ್ಲಿ ಆ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. "ತಿಳದಾಕಿ ಅಂತ ನಿನ್ನ ಕರದೆ" ಅಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾನು ಪರಿಹಾರ ಹುಡುಕಲು ಮೊಬೈಲು ತೆಗೆದೆ. ನಿಯಮಗಳು ಎಷ್ಟೊಂದಿವೆ ನೋಡಿ. ನಮ್ಮ ಅಂಗಡಿಗೆ ಹಂಪಿ ಕಡೆಯಿಂದ ಬರುವವರು, ಹೊಸ ಕೋಣೆ ಏರಿಸುವುದಕ್ಕೂ ಒಪ್ಪಿಗೆ ಕೇಳಬೇಕು ಎಂದು ಗೊಣಗುತ್ತಲೇ ಇರುತ್ತಾರೆ. ಅಲ್ಲಿ ನೂರಾರು ವರ್ಷದ ಗೋಡೆಗಳಿಗೆ ಕಾವಲಿದೆ, ಬೇಲಿಯಿದೆ, ಫಲಕವಿದೆ. ಕಂಪ್ಲಿಯ ಒಂದು ಓಣಿಯ ಮಣ್ಣಿನ ಗೋಡೆಗೆ ಏನಿದೆ ಎಂದು ನಾನು ಅರ್ಧ ದಿನ ಹುಡುಕಿದೆ. ಓದಿದಷ್ಟೂ ತಲೆ ತಿರುಗಿತು.

ಮರುದಿನ ಬೆಳಿಗ್ಗೆ ಧೈರ್ಯ ಮಾಡಿ ಹೊನ್ನೂರಮ್ಮನ ಮನೆಗೆ ಹೋದೆ. ಅತ್ತೆ ಒಳಗೆ ಬರಲಿಲ್ಲ, ಅವರ ಬಾಗಿಲಲ್ಲೇ ನಿಂತಳು. ವಿರುಪಾಕ್ಷಿ ರೊಟ್ಟಿ ತಿನ್ನುತ್ತಿದ್ದ. ಎಲ್ಲವನ್ನೂ ಹೇಳಿದೆ.

"ಅಲ್ಲ ಸುಮಕ್ಕ, ಅಳತಿ ತಗದಾಕಿ ನೀನ, ಬರದಾಕಿ ನೀನ. ಈಗ ನೀನ ಬಂದು ತಪ್ಪಂದ್ರ ನಾನೇನು ಮಾಡ್ಲಿ?" ಅಂದ. ಸಿಟ್ಟಿರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದ. "ತಿದ್ದಿಸೋಕ ಹೋದ್ರ ಪ್ಲಾನು ಮತ್ತ ಮೊದಲಿಂದ. ಮಳಿ ಬಂತಂದ್ರ ಈ ವರ್ಷ ಕೆಲಸ ಇಲ್ಲ. ಅವ್ವಗ ಮೊಣಕಾಲು ನೋವು, ಈ ಹೊಸ್ತಿಲ ದಾಟೋಕಾಗವಲ್ದು. ಬೇಕಾದ್ರ ಗಂಗತ್ತಿ ಮನಿಯೊಳಗ ನಾನ ಒಂದು ಇಟ್ಟಿಗಿ ಗೋಡಿ ಎಬ್ಬಿಸಿ ಕೊಡ್ತೀನಿ."

"ಒಳಗ ಗೋಡಿ ಎದ್ರ ಗಿರಣಿ ಎಲ್ಲಿಡಬೇಕೋ?" ಅತ್ತೆಯ ದನಿ ಬಾಗಿಲಿಂದ ಬಂತು.

ಹೊನ್ನೂರಮ್ಮ ಒಲೆಯ ಮುಂದಿನಿಂದ ಎದ್ದಳು. ಒಲೆಯ ಪಕ್ಕ ನಡುಗೋಡೆಯಲ್ಲಿ ಒಂದು ಗೂಡಿತ್ತು, ಉಪ್ಪಿನ ಗಡಿಗೆ ಇಡುವ ಗೂಡು. ಗಡಿಗೆ ತೆಗೆದು ಕೆಳಗಿಟ್ಟಳು.

"ವಿರುಪಾಕ್ಷಿ, ಇದರಾಗ ಕೈ ಹಾಕು."

"ಯಾಕವ್ವ?"

"ಹಾಕಲೇ. ಹಾವೇನಿಲ್ಲ."

ಹಾಕಿದ. ಮೊಣಕೈಗೆ ಮುಂಚೆಯೇ ಬೆರಳು ಗೋಡೆಗೆ ತಾಗಿತು.

"ಸುಮಾ, ನಿನ್ನ ಟೇಪು ಹಿಡಿ. ಎಷ್ಟೈತಿ?"

"ಹದಿಮೂರು ಇಂಚು ದೊಡ್ಡವ್ವ."

"ಗೋಡಿ ದಪ್ಪ?"

"ಇಪ್ಪತ್ತೇಳು."

"ಗಂಗಿ, ನಿನ್ನ ಗಿರಣಿ ಹಿಂದ ಎಣ್ಣಿ ಡಬ್ಬಿ ಇಡೋ ಗೂಡು ಐತಲ್ಲ, ಅದನ್ನೂ ಅಳತಿ ಮಾಡಿಸು."

ನಾನು ಓಡಿಹೋಗಿ ಅಳೆದೆ. ಅದೂ ಹದಿಮೂರು. ಆಮೇಲೆ ಹೊನ್ನೂರಮ್ಮ ಹೇಳಿದ್ದು ಇಷ್ಟು: ಸ್ವಂತ ಗೋಡೆಯಾದರೆ ಗೂಡು ಎಷ್ಟು ಆಳ ಬೇಕಾದರೂ ಕೊರೆಯಬಹುದು. ನಡುಗೋಡೆಯಾದರೆ ಇಬ್ಬರೂ ಅರ್ಧ ದಾಟುವ ಹಾಗಿಲ್ಲ. ಈ ಕಡೆ ಗೂಡು ಇರುವಲ್ಲಿ ಆ ಕಡೆ ಕೊರೆಯುವ ಹಾಗೂ ಇಲ್ಲ. ಕಟ್ಟಿದವರಿಗೆ ಅಳತೆಪಟ್ಟಿ ಇರಲಿಲ್ಲ, ಕಾಗದ ಇರಲಿಲ್ಲ. ಗೋಡೆ ಯಾರದು ಎಂದು ಜಗಳ ಬಂದರೆ ಹಿರಿಯರು ಬಂದು ಗೂಡಿಗೆ ಕೈ ಹಾಕಿ ನೋಡುತ್ತಿದ್ದರು. ನಾನು ಮಗುವಾಗಿದ್ದಾಗ ಅತ್ತೆಯ ಆ ಗೂಡಿನಲ್ಲಿ ಹುಣಸೆಹಣ್ಣು ಬಚ್ಚಿಡುತ್ತಿದ್ದೆ. ದಿನಕ್ಕೆ ಹತ್ತು ಸಲ ಕೈ ಹಾಕಿದವಳು, ಕೈ ಏಕೆ ಅಲ್ಲಿಗೇ ನಿಲ್ಲುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ.

ವಿರುಪಾಕ್ಷಿ ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತಿದ್ದ. "ಅದೆಲ್ಲ ಖರೇ ಅವ್ವ. ಕಾಗದ ಹೇಳೋದು ಬ್ಯಾರೆ ಐತಲ್ಲ."

"ಕಾಗದದಾಗ ಯಾರ ಫೋಟೊ ಐತಿ?"

"ನಿಂದ."

"ಹಂಗಂದ್ರ ಹೇಳಾಕಿ ನಾನ. ನಡೀರಿ, ಕಚೇರಿಗೆ ಹೋಗೂಣು. ಆಟೊ ಕರಿ. ಗಂಗಿ, ನೀನೂ ಬಾ, ಬಾಗಿಲಾಗ ನಿಂತು ಕಾಲು ನೋಯಿಸ್ಕೋಬ್ಯಾಡ."

ವಿರುಪಾಕ್ಷಿಗೆ ಒಳ್ಳೆಯ ಬುದ್ಧಿ ಬಂದು ಕುಣಿದಾಡಿದ ಎಂದು ಬರೆದರೆ ಸುಳ್ಳಾಗುತ್ತದೆ. ಆಟೊದಲ್ಲಿ ಡ್ರೈವರ್ ಪಕ್ಕ ಕೂತು, ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದ.

ಕಚೇರಿಯಲ್ಲಿ ಅದೇ ಸಮಾಧಾನದ ಮನುಷ್ಯ. ಹೊನ್ನೂರಮ್ಮ ಕುರ್ಚಿಯಲ್ಲಿ ಕೂತು, "ಗೋಡಿ ಇಬ್ಬರ್ದು ಅಂತ ಬರಕೊಳ್ರಿ" ಅಂದಳು.

"ಬರಿಯೋಕ ಜಾಗ ಇಲ್ರಿ ಅಮ್ಮ. ಕಂಪ್ಯೂಟರ್ನಾಗ ಅಳತಿ ಅಂದ್ರ ಒಬ್ಬರ್ದ ಇರ್ತೈತಿ."

"ಕಂಪ್ಯೂಟರಿಗೆ ನೆರಮನಿ ಇಲ್ಲೇನ್ರಿ ಹಂಗಾದ್ರ?"

ಅವರು ನಕ್ಕರು. ಒಂದಷ್ಟು ಹೊತ್ತು ಪರದೆ ನೋಡಿದರು. ಆಮೇಲೆ ದಾರಿ ತೋರಿಸಿದರು: ಗೋಡೆಯ ನಟ್ಟನಡುವಿಗೆ ಗುರುತು ಹಾಕಿ, ಇಬ್ಬರೂ ಅಲ್ಲಿಯವರೆಗೆ ಅಳತೆ ಕೊಡಿ. ಇಬ್ಬರೂ ಒಪ್ಪಿಗೆ ಬರೆದು ಸಹಿ ಮಾಡಿ. ಗುರುತಿನ ಪಕ್ಕ ಇಬ್ಬರೂ ನಿಂತ ಒಂದು ಫೋಟೊ ತನ್ನಿ. "ಜಲ್ದಿ ತಂದ್ರ ಜಲ್ದಿ ಕಳಸ್ತೀನಿ" ಅಂದರು.

ಗುರುತು ಎಲ್ಲಿ ಹಾಕುವುದು? ಕೆಳಗೆ ಗೋಡೆಯ ನಡು ಯಾರಿಗೂ ಕಾಣುವುದಿಲ್ಲ. ಮೇಲೆ, ಎರಡು ಮಾಳಿಗೆಗಳ ಮಧ್ಯೆ ನಡುಗೋಡೆಯ ತಲೆ ಒಂದು ಮೊಳ ಎದ್ದು ನಿಂತಿದೆ. ಮೊಣಕಾಲು ನೋವಿನ ಹೊನ್ನೂರಮ್ಮನನ್ನು ವಿರುಪಾಕ್ಷಿಯೇ ಏಣಿಯಲ್ಲಿ ಹಿಂದಿನಿಂದ ಹಿಡಿದು ಹತ್ತಿಸಿದ. ನಾನು ಸುಣ್ಣದ ಪುಡಿ ಮರೆತು ಬಂದಿದ್ದೆ. ಅತ್ತೆ ಕೆಳಗಿಳಿದು ಗಿರಣಿಯ ಬಾಯಲ್ಲಿ ಉಳಿದಿದ್ದ ಜೋಳದ ಹಿಟ್ಟು ಬುಟ್ಟಿಗೆ ಬಳಿದುಕೊಂಡು ಬಂದಳು. ನಾನೂ ವಿರುಪಾಕ್ಷಿಯೂ ಟೇಪಿನ ಎರಡು ತುದಿ ಹಿಡಿದೆವು. ಹದಿಮೂರೂವರೆ ಇಂಚಿಗೆ, ಇಡೀ ಗೋಡೆಯುದ್ದಕ್ಕೂ, ಹೊನ್ನೂರಮ್ಮ ಒಂದು ತುದಿಯಿಂದ, ಅತ್ತೆ ಇನ್ನೊಂದು ತುದಿಯಿಂದ, ರಂಗೋಲಿ ಎಳೆಯುವ ಹಾಗೆ ಹಿಟ್ಟಿನ ಗೆರೆ ಎಳೆದರು. ನಡುವೆ ನನ್ನ ಟೇಪು ಕೈಜಾರಿ ಬುಟ್ಟಿಯಲ್ಲೇ ಬಿತ್ತು.

"ಗೆರಿ ನನ್ನ ಕಡೆ ವಾಲಿಸ್ಬ್ಯಾಡಲೇ ಗಂಗಿ."

"ನಿನ್ನ ಕಣ್ಣು ವಾಲ್ಯಾವ. ಸುಮ್ನ ಎಳಿ."

ಜಲ್ದಿ ಫೋಟೊ ತೆಗೆದೆ. ಯಾಕೆಂದರೆ ಎಲ್ಲಿದ್ದವೋ ಇರುವೆಗಳು, ಆಗಲೇ ಗೆರೆಯ ಮೇಲೆ ಹತ್ತಿಬಿಟ್ಟಿದ್ದವು. ಗಡಿ ಸಾಗಿಸಿಕೊಂಡು ಹೋಗುತ್ತಿವೆ ನೋಡು ಎಂದು ವಿರುಪಾಕ್ಷಿ ನಕ್ಕ. ಆ ಎರಡು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು.

ಆ ಫೋಟೊದ ಮೇಲೆ ಎರಡೂ ಖಾತೆ ಬಂದವು, ಒಂದರಲ್ಲಿ ಅತ್ತೆಯ ಹೆಸರು. ಜೆಸಿಬಿ ಹತ್ತು ದಿನಕ್ಕೆ ಬರಲಿಲ್ಲ. ಮಳೆಗಾಲ ಕಳೆದ ಮೇಲೆ ಬಂತು. ಹೊಸ ಪ್ಲಾನಿನಲ್ಲಿ ವಿರುಪಾಕ್ಷಿಯ ಕಂಬಗಳು ನಡುಗೋಡೆ ಬಿಟ್ಟು ಅವನ ಕಡೆಯೇ ಏಳುತ್ತವೆ. ಎರಡೂಕಾಲು ಅಡಿ ಹೋದದ್ದು ಬಚ್ಚಲುಮನೆಯ ಲೆಕ್ಕಕ್ಕೆ ಬಂತು. ಸಿಕ್ಕಾಗಲೆಲ್ಲ, "ಸುಮಕ್ಕ, ನಿನ್ನ ದಯೆಯಿಂದ ನಾನು ಅಡ್ಡಡ್ಡ ನಿಂತು ಜಳಕ ಮಾಡಬೇಕು" ಅನ್ನುತ್ತಾನೆ. ಅರ್ಧ ತಮಾಷೆ. ಇನ್ನರ್ಧ ನನಗೆ ಸಲ್ಲಬೇಕಾದದ್ದೇ. ಒಂದು ಮಳೆಗಾಲ ಅವನ ಅವ್ವ ಅದೇ ಎತ್ತರದ ಹೊಸ್ತಿಲು ದಾಟಿದ್ದಾಳೆ, ನನ್ನ ಅಳತೆಯಿಂದ.

ಮನೆ ಕೆಡವಿದ ದಿನ ನಾನು ರಜೆ ಹಾಕಿ ಹೋಗಿದ್ದೆ. ಅತ್ತೆಯ ತೊಲೆಗಳ ಕೆಳಗೆ ನಿಂತು ಮೇಲೆ ನೋಡುತ್ತಲೇ ಇದ್ದೆ. ಆ ಕಡೆಯಿಂದ ಒಂದೊಂದು ತೊಲೆ ಬಿಚ್ಚಿದಾಗಲೂ ನಮ್ಮ ಮಾಳಿಗೆಯಿಂದ ಒಂದು ಹಿಡಿ ಮಣ್ಣು ಉದುರುತ್ತಿತ್ತು. ಅತ್ತೆ ಗಿರಣಿಯ ಮೇಲೆ ಗೋಣಿತಾಟು ಹೊದಿಸಿ, ಅದರ ಮೇಲೆ ಕೈಯಿಟ್ಟು ನಿಂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಜೆಸಿಬಿ ಸುಮ್ಮನಾಯಿತು. ಹನ್ನೊಂದು ತೊಲೆ ಎಣಿಸಿದೆವು, ಹನ್ನೊಂದೂ ಇದ್ದವು. ಅತ್ತೆ ಗೋಣಿತಾಟು ಕೊಡವಿ ಬೆಲ್ಟು ಏರಿಸಿದಳು.

ಹೊಸ ಮನೆ ಏಳುವವರೆಗೆ ಹೊನ್ನೂರಮ್ಮ ಎಲ್ಲಿರಬೇಕು ಎನ್ನುವ ಮಾತೇ ಬರಲಿಲ್ಲ. ಟ್ರಂಕು, ಹಾಸಿಗೆ, ಉಪ್ಪಿನ ಗಡಿಗೆ ಅತ್ತೆಯ ಮನೆಗೆ ಬಂದಿದ್ದವು. ನಾನು ಹೋದ ಭಾನುವಾರ ಹೋದಾಗ ಹೊನ್ನೂರಮ್ಮ ನಡುಗೋಡೆಗೆ ಬೆನ್ನು ಕೊಟ್ಟು ಕೂತು ಜೋಳ ಹಸನು ಮಾಡುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಆ ಗೋಡೆಗೆ ಒರಗಿದವಳೇ, ಆದರೆ ಆಚೆಯಿಂದ. ಈಚೆಯ ಮುಖಕ್ಕೆ ಒರಗುತ್ತಿರುವುದು ಇದೇ ಮೊದಲು. ಗಿರಣಿ ಓಡುತ್ತಿತ್ತು. ಅವಳ ಮೊರದಲ್ಲಿ ಜೋಳದ ಕಾಳುಗಳು ತಾವಾಗಿಯೇ ಸಣ್ಣಗೆ ಕುಣಿಯುತ್ತಿದ್ದವು.

"ಗಂಗಿ, ನಿನ್ನ ಕಡೆ ಗೋಡಿ ಭಾಳ ಬಿಸಿ ಐತಲ್ಲೇ. ನನ್ನ ಕಡೆ ಎಷ್ಟು ತಂಪಿತ್ತು."

"ಗಿರಣಿ ಕಾವದು. ಇಷ್ಟು ವರ್ಷ ಕಾವು ನಾನು ತಿಂದು, ತಂಪು ನಿನಗ ಬಿಟ್ಟೀನಿ" ಅಂದಳು ಅತ್ತೆ.

ಹೊನ್ನೂರಮ್ಮ ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ ಸರಿದು, ಬೆನ್ನನ್ನು ಇನ್ನೂ ಸರಿಯಾಗಿ ಗೋಡೆಗೆ ಆನಿಸಿ ಕೂತಳು.

ನಿಮ್ಮೂರಿನಲ್ಲೂ ಇಂಥ ಗೋಡೆಗಳು ಇದ್ದೇ ಇರುತ್ತವೆ: ಎರಡು ಮನೆಗೆ ಒಂದು, ಕಾಗದದಲ್ಲಿ ಯಾರದೋ ಒಬ್ಬರದು. ಖಾತೆ ಮಾಡಿಸುವಾಗ ನೀವು ಅಳತೆಯನ್ನು ಎಲ್ಲಿಗೆ ನಿಲ್ಲಿಸಿದಿರಿ, ಆಚೆಯವರನ್ನು ಏನೆಂದು ಕೇಳಿದಿರಿ, ಅವರು ಏನಂದರು? ನನಗೆ ಬರೆದು ತಿಳಿಸಿ. ಈ ವಾರವೂ ಇಬ್ಬರು ಅರ್ಜಿ ತುಂಬಿಕೊಡು ಎಂದು ಬಂದಿದ್ದಾರೆ. ಪಕ್ಕದ ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದು ಕಳಿಸಿದ್ದೇನೆ.